ಅಡಿಕೆ ಕೊಳೆರೋಗ: ಬೋರ್ಡೋ ಯಾವಾಗ ಹೊಡೆಯಬೇಕು, ಡ್ರಮ್ಮಿನಲ್ಲಿ ಎಲ್ಲಿ ತಪ್ಪುತ್ತದೆ

ಕೊಳೆ ಕಂಡ ಮೇಲೆ ಬೋರ್ಡೋ (ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣ ಕೂಡಿಸಿದ ದ್ರಾವಣ) ಹೊಡೆದರೆ ಅರ್ಧ ಕೆಲಸ ಕೆಟ್ಟ ಹಾಗೆಯೇ. ಬೋರ್ಡೋದ ತಾಮ್ರ ಕಾಯಿಯ ಮೈಮೇಲೆ ಕೂತು ಕಾವಲು ಕಾಯುತ್ತದೆ ಅಷ್ಟೆ, ಸಿಪ್ಪೆಯೊಳಗೆ ಇಳಿದು ರೋಗವನ್ನು ಕೊಲ್ಲುವುದಿಲ್ಲ. ರೋಗ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ನೀರಿನಲ್ಲಿ ಈಜುವಂಥ ಬೀಜಕಣಗಳನ್ನು ಬಿಡುತ್ತದೆ. ಮಳೆಹನಿ ಸಿಡಿದಾಗ ಅವು ಗೊನೆಯಿಂದ ಗೊನೆಗೆ ಹಾರುತ್ತವೆ. ಅವು ಬಂದು ಕೂರುವ ಮೊದಲೇ ಕಾಯಿಯ ಮೇಲೆ ತಾಮ್ರದ ಪದರ ಒಣಗಿರಬೇಕು.

ಹಾಗಾಗಿ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ, ಅಂದರೆ ರೋಹಿಣಿ ಮಳೆಯಲ್ಲಿ. ಎರಡನೆಯದು 40ರಿಂದ 45 ದಿನಕ್ಕೆ, ಪುನರ್ವಸು ಮಳೆಯ ಸುಮಾರಿಗೆ. ಅಷ್ಟರಲ್ಲಿ ಮಳೆ ಒಂದಿಷ್ಟು ತಾಮ್ರವನ್ನು ತೊಳೆದಿರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾಯಿ ದಪ್ಪವಾಗಿರುತ್ತದೆ, ಹೊಸದಾಗಿ ಹಿಗ್ಗಿದ ಸಿಪ್ಪೆಗೆ ಮದ್ದು ತಾಗಿರುವುದೇ ಇಲ್ಲ. ಮಳೆ ಹಿಂದೆಗೆಯದಿದ್ದರೆ ಆಗಸ್ಟ್ ಕೊನೆಗೆ ಮೂರನೆಯದೂ ಬೇಕಾಗುತ್ತದೆ. ಬಿಡದೆ ಸುರಿಯುವ ಮಳೆ ಮಾತ್ರವಲ್ಲ, ಮಳೆ-ಬಿಸಿಲು ಆಟವಾಡುವ ದಿನಗಳೂ ಕೊಳೆಗೆ ಹಬ್ಬ.

ಶೇಕಡ 1ರ ದ್ರಾವಣದ ಲೆಕ್ಕ ಎಲ್ಲರಿಗೂ ಬಾಯಿಪಾಠ: ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎಡವುವುದು ಲೆಕ್ಕದಲ್ಲಲ್ಲ, ಕಲಸುವುದರಲ್ಲಿ.

ಮೈಲುತುತ್ತನ್ನು ಡ್ರಮ್ಮಿನ ತಳಕ್ಕೆ ಸುರಿಯಬೇಡಿ. ಹರಳು ಅಡಿಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಎಷ್ಟು ಕಲಕಿದರೂ ಕರಗದು. ಗೋಣಿತುಂಡಿನಲ್ಲಿ ಗಂಟು ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಕೋಲಿಟ್ಟು, ಗಂಟು ನೀರಿನ ಮೇಲ್ಮಟ್ಟದಲ್ಲಿ ಮುಳುಗುವಂತೆ ಹಿಂದಿನ ರಾತ್ರಿ ನೇತು ಹಾಕಿ. ಕರಗಿದ ನೀಲಿ ನೀರು ಭಾರವಾಗಿ ತಾನೇ ಕೆಳಗಿಳಿಯುತ್ತದೆ, ಹೊಸ ನೀರು ಗಂಟಿಗೆ ಬರುತ್ತದೆ. ಬೆಳಿಗ್ಗೆ ಗಂಟು ಖಾಲಿ. ಕಬ್ಬಿಣದ ಪಾತ್ರೆ ಮಾತ್ರ ಬೇಡ, ತಾಮ್ರವೆಲ್ಲ ಅದರ ಗೋಡೆಗೆ ಅಂಟಿಕೊಳ್ಳುತ್ತದೆ.

ಸುಣ್ಣ ಹೊಸದಾಗಿರಬೇಕು. ವರ್ಷಗಟ್ಟಲೆ ಚೀಲದಲ್ಲಿ ಗಾಳಿ ಕುಡಿದ ಸುಣ್ಣ ಹೆಸರಿಗಷ್ಟೇ ಸುಣ್ಣ, ಮೈಲುತುತ್ತಿನ ಹುಳಿಯನ್ನು ಮುರಿಯುವ ಖಾರ (ಕ್ಷಾರ) ಅದರಲ್ಲಿ ಉಳಿದಿರುವುದಿಲ್ಲ. ಸುಟ್ಟ ಸುಣ್ಣವಾದರೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ ಅರಳಿಸಿ, ಪೂರ್ತಿ ತಣಿಯಲು ಬಿಟ್ಟು, ಉಳಿದ 50 ಲೀಟರ್ ನೀರಿಗೆ ಬಟ್ಟೆಯಲ್ಲಿ ಸೋಸಿ. ಇಲ್ಲಿ ಉಳಿದ ಒಂದು ಕಲ್ಲಿನ ಚೂರು ಮರದ ತುದಿಯಲ್ಲಿ ನಾಜಲ್ ಕಟ್ಟಿಸುತ್ತದೆ.

ಇನ್ನು ಕೂಡಿಸುವುದು. ಸುಣ್ಣದ ನೀರನ್ನು ಕೋಲಿನಿಂದ ಬಿಡದೆ ತಿರುಗಿಸುತ್ತ ಮೈಲುತುತ್ತಿನ ನೀರನ್ನು ನಿಧಾನವಾಗಿ ಹೊಯ್ಯಿರಿ. ಇಲ್ಲವೇ ಎರಡನ್ನೂ ಒಂದೇ ಸಮನೆ ಮೂರನೆಯ ಡ್ರಮ್ಮಿಗೆ ಬಿಡಿ. ತಿರುವುಮುರುವಾಗಿ, ಸುಣ್ಣವನ್ನು ಮೈಲುತುತ್ತಿಗೆ ಸುರಿದರೆ ಕಣಗಳು ದಪ್ಪವಾಗಿ ಒಡೆದ ಹಾಲಿನಂತೆ ತಳ ಸೇರುತ್ತವೆ. ಅಂಥದ್ದು ಕಾಯಿಗೆ ಅಂಟುವುದಿಲ್ಲ. ಸರಿಯಾದ ಬೋರ್ಡೋ ಆಕಾಶನೀಲಿ, ಬೆರಳಿಗೆ ನುಣ್ಣಗೆ.

ಕೂಡಿಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಹುಳಿ ಇನ್ನೂ ಇದೆ ಎಂದರ್ಥ. ಹಾಗೆಯೇ ಹೊಡೆದರೆ ಎಳೆಗಾಯಿ, ಹಿಂಗಾರ (ಅಡಿಕೆಯ ಹೂಗೊಂಚಲು) ಸುಟ್ಟುಹೋಗುತ್ತವೆ. ಇನ್ನಷ್ಟು ಸುಣ್ಣದ ನೀರು ಸೇರಿಸಿ, ಚಾಕುವನ್ನು ಮತ್ತೆ ಉಜ್ಜಿ, ಕಲೆ ಹಿಡಿಯದಿರುವ ತನಕ ನೋಡಿ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೂ ಹೆಚ್ಚಿನವರು ಬಿಡುವುದು ಇದನ್ನೇ. ಕಲಸಿದ್ದನ್ನು ಅಂದೇ ಮುಗಿಸಿ. ನಾಳೆಗೆ ಇಟ್ಟರೆ ಕಣಗಳು ಉಂಡೆಗಟ್ಟಿ ಅಂಟುಗುಣ ಹೋಗುತ್ತದೆ.

ಗೊನೆ ಒದ್ದೆ ಇರುವಾಗ ಹೊಡೆಯಬೇಡಿ, ಮದ್ದು ಹನಿಗಟ್ಟಿ ಜಾರಿ ಹೋಗುತ್ತದೆ. ಹೊಳವಾದ ದಿನ ನೋಡಿ, ಹೊಡೆದ ಮೇಲೆ ಒಣಗಲು ಕೆಲವು ಗಂಟೆಯಾದರೂ ಸಿಗಬೇಕು. ಅಂಟು ಸೇರಿಸುವುದಾದರೆ ಡಬ್ಬಿಯ ಮೇಲಿನ ಪ್ರಮಾಣ ಮೀರಬೇಡಿ. ಕೊಳೆ ಶುರುವಾಗುವುದು ಸಾಮಾನ್ಯವಾಗಿ ಕಾಯಿಯ ತೊಟ್ಟಿನ ಬುಡದಲ್ಲಿ, ನೀರು ನಿಲ್ಲುವ ಜಾಗದಲ್ಲಿ. ಮೊದಲು ಅಲ್ಲಿ ನೀರು ಕುಡಿದಂಥ ಕಡುಹಸಿರು ಕಲೆ ಕಾಣುತ್ತದೆ, ಆಮೇಲೆ ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ. ನೆಲದಿಂದಲೇ ದೋಟಿಯಲ್ಲಿ (ಉದ್ದ ಕೋಲಿನಲ್ಲಿ) ಹೊಡೆಯುವಾಗ ಗೊನೆಯ ಅಡಿಭಾಗ ಚೆನ್ನಾಗಿ ನೀಲಿಯಾಗುತ್ತದೆ, ತೊಟ್ಟಿನ ಕಡೆ ಒಣಗಿಯೇ ಉಳಿಯುತ್ತದೆ. ಸ್ಪ್ರೇ ಗನ್ನನ್ನು ಗೊನೆಗಿಂತ ಮೇಲಕ್ಕೆತ್ತಿ, ಎರಡು ಮಗ್ಗುಲಿನಿಂದ, ನುಣ್ಣನೆಯ ಹನಿಯಲ್ಲಿ ಒಳಗಿನ ಕಾಯಿಯೂ ನೆನೆಯುವಂತೆ ಹೊಡೆಯಿರಿ. ತೋಟದಲ್ಲಿ ಕಾಳುಮೆಣಸಿದ್ದರೆ ಅದೇ ಡ್ರಮ್ಮಿನಿಂದ ಬಳ್ಳಿಗೂ ಹೊಡೆಯಿರಿ, ಅದರ ಶೀಘ್ರ ಸೊರಗು ರೋಗಕ್ಕೂ ಫೈಟಾಫ್ತೊರಾವೇ ಕಾರಣ.

ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಬೋರ್ಡೋ ತೋರಿಸಿಕೊಟ್ಟದ್ದು 1910ರ ಸುಮಾರಿಗೆ. ಅದಕ್ಕೂ ಮುಂಚಿನ ಉಪಾಯ ಕೊಟ್ಟೆ ಕಟ್ಟುವುದು, ಅಂದರೆ ಮಳೆ ತಾಗದಂತೆ ಗೊನೆಗೆ ಹೊದಿಕೆ ಕಟ್ಟುವುದು. ಈಗ ಪ್ಲಾಸ್ಟಿಕ್ ಕೊಟ್ಟೆಯೂ ನಡೆಯುತ್ತದೆ, ಮಳೆಗೆ ಮೊದಲೇ ಕಟ್ಟಿ ಕೆಳಗಿನ ಬಾಯಿ ತೆರೆದಿಟ್ಟರೆ ಒಳಗೆ ಬೆವರು ಕಟ್ಟುವುದಿಲ್ಲ. ಕೆಲಸ ಹೆಚ್ಚು, ಆದ್ದರಿಂದ ಪ್ರತಿವರ್ಷ ಕೊಳೆ ಬರುವ ತಗ್ಗಿನ ಜಾಗಕ್ಕಷ್ಟೇ ಇದು ಲಾಯಕ್ಕು.

ಇಷ್ಟಾಗಿಯೂ ಕೊಳೆ ಕಾಣಿಸಿತೆನ್ನಿ. ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಹತ್ತುವವರೆಗೆ ಕಾಯದೆ ಹೆಕ್ಕಿ, ರೋಗದ ಗೊನೆ ಇಳಿಸಿ, ತೋಟದ ಹೊರಗೆ ಹೂಳಿ ಅಥವಾ ಸುಡಿ. ಆಮೇಲೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆತ ಪುಡಿಯನ್ನು ಲೀಟರಿಗೆ 2 ಗ್ರಾಂ ಹಾಕಿ ಹೊಡೆಯಬಹುದು. ಮೆಟಲಾಕ್ಸಿಲ್ ಗಿಡದೊಳಗೆ ಇಳಿಯುತ್ತದೆ. ಇದನ್ನು ಬೋರ್ಡೋ ಜೊತೆ ಕೂಡಿಸಬೇಡಿ, ಸುಣ್ಣದ ಖಾರಕ್ಕೆ ಮದ್ದು ಕೆಡುತ್ತದೆ. ಇದನ್ನೇ ಮೇಲಿಂದ ಮೇಲೆ ಹೊಡೆದರೆ ರೋಗ ಒಗ್ಗಿಕೊಳ್ಳುತ್ತದೆ.

ಮಳೆಗಾಲದ ಕೊನೆಗೆ ಹತ್ತಿದ ಕೊಳೆಯ ಕಾಯಿ ಉದುರದೆ ಗೊನೆಯಲ್ಲೇ ಒಣಗಿ ನಿಲ್ಲುತ್ತದೆ. ರೋಗ ಅಲ್ಲಿಂದ ಸುಳಿಗೆ ಇಳಿದರೆ ಮರವೇ ಹೋಗುತ್ತದೆ. ಕೊಯ್ಲಿಗೆ ಹತ್ತಿದವರ ಕೈಯಲ್ಲೇ ಆ ಒಣಗೊನೆಗಳನ್ನೂ ಇಳಿಸಿ.

ಸಿಂಪಡಿಸುವಾಗ ಕಣ್ಣಿಗೆ ಕನ್ನಡಕ, ಕೈಗೆ ಗವಸು ಇರಲಿ. ಮದ್ದು ಬಿದ್ದ ಹುಲ್ಲನ್ನು ದನಕ್ಕೆ ಹಾಕಬೇಡಿ. ಡ್ರಮ್ಮು ತೊಳೆದ ನೀರು ಮೀನಿರುವ ಕೆರೆ, ಹಳ್ಳ ಸೇರದಂತೆ ನೋಡಿಕೊಳ್ಳಿ.