ಪ್ಲೇಸ್ಕೂಲ್ ನೋಡೋಕೆ ಹೋದಾಗ ಇದನ್ನ ಕೇಳಿ

ಅಡ್ಮಿಷನ್ ಟೈಮ್ ಅಲ್ವಾ, ಅದಕ್ಕೆ ಹೇಳ್ತಿದೀನಿ. ಎಸಿ, ಸ್ಮಾರ್ಟ್ ಬೋರ್ಡ್ ಎಲ್ಲಾ ಆಮೇಲೆ, ಮೊದ್ಲು ಮಕ್ಳನ್ನ ದಿನಕ್ಕೆ ಎಷ್ಟೊತ್ತು ಹೊರಗೆ ಬಿಡ್ತೀರಾ ಅಂತ ಕೇಳಿ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿರೋ ಪ್ರಕಾರ 3-4 ವರ್ಷದ ಮಕ್ಳು ದಿನಕ್ಕೆ ಕಮ್ಮಿ ಅಂದ್ರೂ 180 ನಿಮಿಷ ಮೈ ಆಡಿಸ್ತಿರ್ಬೇಕು, ಅದ್ರಲ್ಲಿ ಕಮ್ಮಿ ಅಂದ್ರೂ 60 ನಿಮಿಷ ಸ್ವಲ್ಪನಾದ್ರೂ ಏದುಸಿರು ಬರೋ ಥರ ಓಡೋದು ಕುಣಿಯೋದು. ರೂಮೊಳಗೆ ಕೂರಿಸಿ ಅಆಇಈ ತಿದ್ದಿಸ್ತಿದ್ರೆ ಇದೆಲ್ಲಿಂದ ಆಗತ್ತೆ ಹೇಳಿ?

ನನ್ ಮಗಳನ್ನ ಮೊದ್ಲು ಹಾಕಿದ್ ಕಡೆ ದೊಡ್ ಜಾರುಬಂಡೆ ಇತ್ತು, ನಾವೂ ಮರುಳಾದ್ವಿ, ಆದ್ರೆ ಅದೊಂದೇ, ಇಪ್ಪತ್ ಮಕ್ಳು ಕ್ಯೂನಲ್ಲಿ ನಿಂತಿರೋದೇ ಆಟ! ಅದಕ್ಕಿಂತ ನಾಲ್ಕು ಚೆಂಡು, ಹಳೇ ಟೈರು, ಓಡಾಡೋಕೆ ಬಯಲು ಜಾಗ ಇದ್ರೆ ಮಕ್ಳು ತಾವೇ ಓಡ್ತವೆ. ಇನ್ನೊಂದು, ಮಿಸ್ಸು ಮೂಲೇಲಿ ನಿಂತು "ಬೀಳ್ತೀಯಾ, ಓಡ್ಬೇಡ" ಅಂತಿದಾರಾ ಇಲ್ಲಾ ಜೊತೆಗೆ ಸೇರಿ ಕೆರೆ-ದಡ ಆಡಿಸ್ತಿದಾರಾ ಅಂತ ಗೇಟ್ ಹತ್ರ ಹತ್ತು ನಿಮಿಷ ನಿಂತು ನೋಡಿ, ಗೊತ್ತಾಗ್ಬಿಡತ್ತೆ.

ಹೆಣ್ಮಕ್ಳಿರೋರು ಫ್ರಾಕು, ಬೆಲ್ಲೀಸ್ ಶೂ ಬಿಟ್ಟು ಚಡ್ಡಿ, ಗ್ರಿಪ್ ಇರೋ ಚಪ್ಲಿ ಹಾಕಿ ಕಳ್ಸಿ. ಬಟ್ಟೆ ಕೊಳೆ ಆದ್ರೆ ಆಗ್ಲಿ, ಅದನ್ನ ಮಿಸ್ಸಿಗೂ ಬಾಯಿಬಿಟ್ಟು ಹೇಳಿ, ಯಾಕಂದ್ರೆ ಅರ್ಧ ಅವ್ರು ನಮಗ್ ಹೆದರೇ ಮಕ್ಳನ್ನ ಮಣ್ಣಿಗೆ ಬಿಡಲ್ಲ.