ಶಿಕ್ಷಣ ಸಾಲ: ವಿದ್ಯಾರ್ಥಿ, ಅಪ್ಪ-ಅಮ್ಮ, ಬ್ಯಾಂಕು ಯಾರ್ಯಾರು ಏನೇನು ಮಾಡಬೇಕು?

ಸೀಟು ಸಿಕ್ಕ ವಾರ ಮನೆಮಂದಿಯೆಲ್ಲ ಬ್ಯಾಂಕಿಗೆ ಓಡಾಡುತ್ತಾರೆ. ಸಾಲ ಮಂಜೂರಾಗಿ ಮೊದಲ ವರ್ಷದ ಫೀಸು ಕಾಲೇಜಿಗೆ ಹೋದ ಮೇಲೆ ಫೈಲು ಬೀರು ಸೇರುತ್ತದೆ. ಆಮೇಲೆ ನಾಲ್ಕು ವರ್ಷ ಅದನ್ನು ಯಾರೂ ತೆಗೆಯುವುದಿಲ್ಲ. ತೊಂದರೆಗಳೆಲ್ಲ ಹುಟ್ಟುವುದು ಆ ನಾಲ್ಕು ವರ್ಷದಲ್ಲೇ.

ಮೊದಲು ಒಂದು ವಿಷಯ ಮನಸ್ಸಿಗೆ ಹಾಕಿಕೊಳ್ಳಿ. ಸರ್ಕಾರದ ಯೋಜನೆ ಅಂದರೂ ಹಣ ಕೊಡುವುದು ಬ್ಯಾಂಕು. ಸರ್ಕಾರ ಬಡ್ಡಿಯಲ್ಲಿ ನೆರವು ಕೊಡುತ್ತದೆ, 7.5 ಲಕ್ಷದವರೆಗಿನ ಸಾಲಕ್ಕೆ ಖಾತರಿ ನಿಲ್ಲುತ್ತದೆ. ಆ ಖಾತರಿ ಬ್ಯಾಂಕಿನ ನಷ್ಟಕ್ಕೆ, ನಿಮ್ಮ ಸಾಲ ತೀರಿಸುವುದಕ್ಕಲ್ಲ. 'ಸರ್ಕಾರದ್ದು ತಾನೇ, ಮುಂದೆ ಮನ್ನಾ ಆಗುತ್ತೆ' ಅಂತ ಕೂತವರು ಕಷ್ಟಕ್ಕೆ ಸಿಕ್ಕಿದ್ದಾರೆ.

ಅರ್ಜಿಯನ್ನು ಕೇಂದ್ರ ಸರ್ಕಾರದ ಆನ್‌ಲೈನ್ ತಾಣವಾದ ಪಿಎಂ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಕಾಲೇಜಿನಲ್ಲಿ ಮೆರಿಟ್ ಸೀಟು ಸಿಕ್ಕಿದ್ದರೆ ಅಡಮಾನವೂ ಬೇಡ, ಜಾಮೀನೂ ಬೇಡ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಅನ್ವಯಿಸುವುದಿಲ್ಲ. ಮನೆಯ ವರ್ಷದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದುವ ಅವಧಿಯಲ್ಲಿ ಶೇ. 3 ಬಡ್ಡಿ ನೆರವು ಇದೆ, ಆದರೆ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಆದಾಯ 4.5 ಲಕ್ಷದೊಳಗಿದ್ದು ವೃತ್ತಿಪರ ಅಥವಾ ತಾಂತ್ರಿಕ ಕೋರ್ಸ್ ಆಗಿದ್ದರೆ ಆ ಅವಧಿಯ ಪೂರ್ತಿ ಬಡ್ಡಿಯನ್ನೇ ಕೇಂದ್ರ ಕಟ್ಟುವ ಯೋಜನೆಯೂ ಇದೆ. ಸಾಲ ಮಂಜೂರಾಯಿತು ಅಂದರೆ ಈ ನೆರವು ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಅದಕ್ಕೂ ಅರ್ಜಿ ಹಾಕಬೇಕು, ನಾಡಕಚೇರಿಯ ಆದಾಯ ಪ್ರಮಾಣಪತ್ರ ಕೈಯಲ್ಲಿರಬೇಕು. ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಬರುತ್ತಿದ್ದರೆ ಎರಡೂ ಒಟ್ಟಿಗೆ ಸಿಗುವುದು ಕಷ್ಟ, ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯವಾದದ್ದು, ಬಡ್ಡಿ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ ಅನ್ನುತ್ತಾರಲ್ಲ, ಆಗಲೂ ಬಡ್ಡಿ ಓಡುತ್ತಲೇ ಇರುತ್ತದೆ. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ತೆಗೆದಿರಿ, ಬಡ್ಡಿ ಶೇ. 10. ಮೊದಲ ವರ್ಷ 10,000, ಎರಡನೇ ವರ್ಷ 20,000, ಆಮೇಲೆ 30,000, 40,000, ಕೆಲಸ ಹುಡುಕುವ ವರ್ಷ ಇನ್ನೊಂದು 40,000. ನೆರವು ಸಿಗದಿದ್ದರೆ 4 ಲಕ್ಷದ ಸಾಲ 5.4 ಲಕ್ಷ ಆಗುತ್ತದೆ. ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 5,290ರ ಬದಲು 7,140 ರೂಪಾಯಿ. ಅದೇ ಮೊದಲ ವರ್ಷ ತಿಂಗಳಿಗೆ 833 ರೂಪಾಯಿ ಬಡ್ಡಿ ಕಟ್ಟುತ್ತಾ ಹೋಗುವುದು ಎಷ್ಟೋ ಮನೆಗಳಿಗೆ ಸಾಧ್ಯವಿದೆ, ಅಲ್ವಾ? ಓದುವಾಗಲೇ ಬಡ್ಡಿ ಕಟ್ಟಿದರೆ ದರದಲ್ಲಿ ಶೇ. 1 ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ, ಕೇಳಿ.

ವಿದ್ಯಾರ್ಥಿಯ ಕೆಲಸ ಪ್ರತಿ ವರ್ಷ ಇರುತ್ತದೆ. ಅಂಕಪಟ್ಟಿ ಮತ್ತು ಮುಂದಿನ ವರ್ಷದ ಫೀಸಿನ ಚೀಟಿ ಬ್ಯಾಂಕಿಗೆ ಕೊಟ್ಟರೇನೇ ಮುಂದಿನ ಹಣ ಬಿಡುಗಡೆ. ಫೋನ್ ನಂಬರು, ವಿಳಾಸ ಬದಲಾದರೆ ತಿಳಿಸಲೇಬೇಕು. ನನ್ನ ಚಿಕ್ಕಮ್ಮನ ಮಗ ಎರಡನೇ ವರ್ಷದಲ್ಲಿ ಸಿಮ್ ಬದಲಿಸಿದ್ದ. ಕಂತು ಶುರುವಾಗಿದೆ ಅನ್ನುವ ಮೆಸೇಜೆಲ್ಲ ಹಳೇ ನಂಬರಿಗೆ ಹೋಗಿತ್ತು. ಗೊತ್ತಾಗಿದ್ದು ಚಿಕ್ಕಪ್ಪ ಟ್ರ್ಯಾಕ್ಟರ್ ಸಾಲ ಕೇಳಲು ಹೋದಾಗ. 'ನಿಮ್ಮ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸಿದ್ದಕ್ಕೆ ಸಿಗುವ ಅಂಕ) ಬಿದ್ದಿದೆ' ಅಂದಾಗ ಅವರ ಮುಖ ನೋಡೋಕೆ ಆಗಲಿಲ್ಲ.

ಅಪ್ಪ-ಅಮ್ಮ ಸುಮ್ನೆ ಸಹಿ ಹಾಕಿದವರಲ್ಲ, ಸಹ-ಸಾಲಗಾರರು. ಮಗ ಕಟ್ಟದಿದ್ದರೆ ನೀವು ಕಟ್ಟಬೇಕು. ಹಾಗಾಗಿ ಮಂಜೂರಾತಿ ಪತ್ರವನ್ನು ಮನೆಗೆ ತಂದು, ಬಡ್ಡಿ ದರ ಬದಲಾಗುವಂಥದ್ದಾ, ಕಂತು ಯಾವಾಗ ಶುರು, ವಿಮೆಗೆ ಎಷ್ಟು ಹಿಡಿದಿದ್ದಾರೆ ಅಂತ ನಿಧಾನವಾಗಿ ಓದಿಸಿಕೊಂಡು ಆಮೇಲೆ ಸಹಿ ಹಾಕಿ.

ಬ್ಯಾಂಕಿಗೂ ಜವಾಬ್ದಾರಿ ಇದೆ. ಪಿಎಂ ವಿದ್ಯಾಲಕ್ಷ್ಮಿಗೆ ಸೇರದ ಶಿಕ್ಷಣ ಸಾಲವಾದರೂ 4 ಲಕ್ಷದವರೆಗೆ ಅಡಮಾನ ಕೇಳುವ ಹಾಗಿಲ್ಲ. 'ನಿಮ್ಮ ಊರು ನಮ್ಮ ಶಾಖೆಗೆ ಬರಲ್ಲ' ಅಂತ ವಾಪಸ್ ಕಳಿಸುವ ಹಾಗೂ ಇಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಮಾಹಿತಿಗೆ 14448.

ಕೆಲಸ ಸಿಗಲಿಲ್ಲವೇ? ಬಚ್ಚಿಟ್ಟುಕೊಳ್ಳಬೇಡಿ. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಅದಕ್ಕೆ ಮುಂಚೆಯೇ ಶಾಖೆಗೆ ಹೋಗಿ, ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಿಕೊಡಿ ಅಂತ ಪತ್ರ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕೆಲಸ ಸಿಕ್ಕವರು ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಕಟ್ಟಿದ ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಪಡೆಯಬಹುದು.

ಕೊನೆಯ ಕಂತು ಕಟ್ಟಿದ ಮೇಲೆ ಬಾಕಿ ಇಲ್ಲ ಅನ್ನುವ ಪತ್ರ ಕೇಳಿ ಪಡೆಯಿರಿ. ಮನೆ, ಜಮೀನು ಅಡ ಇಟ್ಟಿದ್ದರೆ ಬ್ಯಾಂಕು 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು. ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನಿಮಗೆ ಬರಬೇಕು.