ಒಂದು ಥೀಮ್ ಕೊಂಡು ಎರಡು ಸೈಟ್ ಮಾಡಬಹುದೇ?

ದಾವಣಗೆರೆಯ ಬಟ್ಟೆ ಅಂಗಡಿಗೆಂದು ಥೀಮ್‌ಫಾರೆಸ್ಟ್ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಥೀಮ್, ಅಂದರೆ ಸೈಟಿನ ಸಿದ್ಧ ವಿನ್ಯಾಸ, ಕೊಂಡಿರಿ. ಅದೇ ಜಿಪ್ ಫೈಲ್ ಬಿಚ್ಚಿ, ಲೋಗೊ, ಬಣ್ಣ ಬದಲಿಸಿ ಪಕ್ಕದ ಬೇಕರಿಗೂ ಸೈಟ್ ಮಾಡಿಕೊಡಬಹುದೇ? ಅಲ್ಲಿನ ಸಾಮಾನ್ಯ ಪರವಾನಗಿಯಾದ ರೆಗ್ಯುಲರ್ ಲೈಸೆನ್ಸ್ ಪ್ರಕಾರ ಆಗದು. ಅದು ಕೊಡುವುದು ಒಂದೇ ‘ಎಂಡ್ ಪ್ರಾಡಕ್ಟ್’ಗೆ, ಅಂದರೆ ಒಂದೇ ಸೈಟಿಗೆ ಅನುಮತಿ. ಎರಡೂ ಅಂಗಡಿಗೆ ಒಬ್ಬರೇ ಮಾಲೀಕರಾದರೂ ಸೈಟ್ ಎರಡಾದರೆ ಖರೀದಿಯೂ ಎರಡು.

ವ್ಯಾಪಾರದ ಸೈಟ್ ಎಂದಕೂಡಲೇ ಎಕ್ಸ್‌ಟೆಂಡೆಡ್ ಲೈಸೆನ್ಸ್ ಬೇಕು ಎಂದು ಹಲವರು ದುಬಾರಿ ದುಡ್ಡು ತೆರುತ್ತಾರೆ. ಆನ್‌ಲೈನ್ ಅಂಗಡಿ ನಡೆಸುವ ವೂಕಾಮರ್ಸ್ ತಂತ್ರಾಂಶ ಹಾಕಿ ಸೀರೆ ಮಾರುವುದಕ್ಕೆ ರೆಗ್ಯುಲರ್ ಸಾಕು. ಸೈಟ್ ಬಳಸುವುದಕ್ಕೇ ಜನರಿಂದ ಹಣ ಪಡೆಯುವುದಾದರೆ, ಉದಾಹರಣೆಗೆ ತಿಂಗಳ ಚಂದಾ ಕಟ್ಟಿದವರಿಗಷ್ಟೇ ತೆರೆಯುವ ಸೇವೆ, ಆಗ ಎಕ್ಸ್‌ಟೆಂಡೆಡ್ ಬೇಕು. ಗಮನಿಸಿ, ಅದೂ ಒಂದೇ ಪ್ರಾಡಕ್ಟಿಗೆ. ಹೆಚ್ಚು ದುಡ್ಡು ಕೊಟ್ಟ ಮಾತ್ರಕ್ಕೆ ಹೆಚ್ಚು ಸೈಟ್ ಸಿಗುವುದಿಲ್ಲ.

ವರ್ಡ್‌ಪ್ರೆಸ್ ಥೀಮ್ ಆದರೆ ಇನ್ನೊಂದು ತೊಡಕಿದೆ. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಜಿಪಿಎಲ್ ಅಡಿಯಲ್ಲಿದೆ, ಅಂದರೆ ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಲೈಸೆನ್ಸ್. ಥೀಮಿನ ಪಿಎಚ್‌ಪಿ, ಅಂದರೆ ಪ್ರೋಗ್ರಾಂ ಭಾಗವೂ ಹಾಗೆಯೇ. ಆದರೆ ಮಾರುವವರು ಪುಟದ ರೂಪ ಹೇಳುವ ಸಿಎಸ್ಎಸ್, ಚಿತ್ರ, ವಿನ್ಯಾಸಗಳನ್ನು ತಮ್ಮ ಲೈಸೆನ್ಸಿನಲ್ಲೇ ಇಟ್ಟುಕೊಳ್ಳಬಹುದು. ಇದಕ್ಕೆ ಸ್ಪ್ಲಿಟ್ ಲೈಸೆನ್ಸ್ ಎನ್ನುತ್ತಾರೆ. ಕೆಲವರು ಇಡೀ ಥೀಮನ್ನೇ ಜಿಪಿಎಲ್‌ಗೆ ಕೊಟ್ಟಿರುತ್ತಾರೆ. ಯಾವುದು ಎಂದು ತಿಳಿಯಲು ಜಿಪ್ ಬಿಚ್ಚಿ ಲೈಸೆನ್ಸಿಂಗ್ ಫೋಲ್ಡರ್ ಇದ್ದರೆ ಓದಿ, ಆಮೇಲೆ ಸ್ಟೈಲ್.ಸಿಎಸ್ಎಸ್ ತೆರೆದು ಮೇಲಿನ ಕಾಮೆಂಟಿನಲ್ಲಿ ‘ಲೈಸೆನ್ಸ್’ ಸಾಲು ಹುಡುಕಿ. ಪೂರ್ತಿ ಜಿಪಿಎಲ್ ಇದ್ದರೆ ಎರಡನೇ ಸೈಟಿಗೆ ಹಾಕಲು ಕಾನೂನಿನ ಅಡ್ಡಿಯಿಲ್ಲ. ಆದರೂ ಖರೀದಿಯ ಗುರುತಾದ ಪರ್ಚೇಸ್ ಕೋಡ್ ಕೇಳುವ ಥೀಮಿನಲ್ಲಿ ಆಟೊ ಅಪ್‌ಡೇಟ್, ಡೆಮೊ ಇಂಪೋರ್ಟ್ (ಮಾದರಿ ಪುಟಗಳನ್ನು ಸೈಟಿಗೆ ತಂದುಕೊಳ್ಳುವುದು) ಸಾಮಾನ್ಯವಾಗಿ ಒಂದೇ ಡೊಮೇನಿಗೆ ನಡೆಯುತ್ತವೆ.

ಆ ಕೋಡಿನಿಂದಲೇ ಹೆಚ್ಚಿನ ತಲೆನೋವು. ಹೈಫನ್ ಸೇರಿ 36 ಅಕ್ಷರದ ಈ ಕೋಡ್, ಲೈಸೆನ್ಸ್ ಸರ್ಟಿಫಿಕೇಟ್ ಜೊತೆ ನಿಮ್ಮ ಖಾತೆಯ ಡೌನ್‌ಲೋಡ್ಸ್ ಪುಟದಲ್ಲಿ ಸಿಗುತ್ತದೆ. ಟೆಸ್ಟ್ ಡೊಮೇನಿನಲ್ಲಿ ಆ್ಯಕ್ಟಿವೇಟ್ ಮಾಡಿ, ಹಾಗೆಯೇ ಲೈವ್‌ಗೆ ಸಾಗಿಸಿದರೆ ‘ಕೋಡ್ ಈಗಾಗಲೇ ಬಳಕೆಯಲ್ಲಿದೆ’ ಎಂಬ ದೂರು ಬರಬಹುದು. ಸಾಗಿಸುವ ಮೊದಲು ಥೀಮ್ ಸೆಟ್ಟಿಂಗಿನಲ್ಲಿ ಡೀರಿಜಿಸ್ಟರ್ ಒತ್ತಿ. ಹಳೆಯ ಸೈಟ್ ಅಳಿಸಿಬಿಟ್ಟ ಮೇಲೆ ನೆನಪಾದರೆ ಥೀಮ್ ಮಾಡಿದವರಿಗೆ ಬರೆದು ಬಿಡಿಸಿಕೊಳ್ಳಬೇಕಾಗುತ್ತದೆ.

ಗಿರಾಕಿಗೆ ಮಾಡಿಕೊಡುವ ಸೈಟಾದರೆ ಥೀಮನ್ನು ಅವರ ಖಾತೆಯಿಂದಲೇ ಕೊಳ್ಳಿಸಿ. ನಿಮ್ಮ ಖಾತೆಯಲ್ಲಿ ಕೊಂಡರೂ ಸೈಟ್ ಒಪ್ಪಿಸಿದಾಗ ಲೈಸೆನ್ಸ್ ಅವರದಾಗುತ್ತದೆ, ನೀವು ಮತ್ತೆ ಬಳಸುವಂತಿಲ್ಲ. ಆದರೆ ಹೊಸ ಆವೃತ್ತಿ ಇಳಿಸುವ ಬೀಗದ ಕೈ ನಿಮ್ಮಲ್ಲೇ ಉಳಿದು, ಎರಡು ವರ್ಷದ ಮೇಲೆ ಅವರು ನಿಮ್ಮನ್ನು ಹುಡುಕುತ್ತಾ ಬರುತ್ತಾರೆ. ಬಿಲ್ಲಿನಲ್ಲಿ ಥೀಮಿನ ಬೆಲೆಯನ್ನು ಬೇರೆ ಸಾಲಿನಲ್ಲಿ ತೋರಿಸಿ. ಖರೀದಿಯ ಜೊತೆ ಬರುವ ಸಪೋರ್ಟ್ 6 ತಿಂಗಳು ಎಂಬುದನ್ನೂ ಅಲ್ಲೇ ಬರೆದುಬಿಡಿ.

ಥೀಮಿನ ಜೊತೆ ಬರುವ ಸ್ಲೈಡರ್ ರೆವಲ್ಯೂಷನ್, ಡಬ್ಲ್ಯೂಪಿಬೇಕರಿ ಥರದ ಪ್ಲಗಿನ್‌ಗಳನ್ನು (ಸೈಟಿಗೆ ಸೌಲಭ್ಯ ಸೇರಿಸುವ ತಂತ್ರಾಂಶಗಳನ್ನು) ತೆಗೆದು ಬೇರೆ ಸೈಟಿಗೆ ಹಾಕಬೇಡಿ. ಆ ಲೈಸೆನ್ಸ್ ಆ ಥೀಮಿನೊಳಗಿನ ಬಳಕೆಗೆ ಮಾತ್ರ. ಅವುಗಳ ಅಪ್‌ಡೇಟ್ ಬರುವುದೂ ಥೀಮಿನವರ ಮೂಲಕವೇ, ಹಾಗಾಗಿ ತಡ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್‌ನ ಹಳೆಯ ಆವೃತ್ತಿಯ ತೂತಿನಿಂದ ‘ಸೋಕ್‌ಸೋಕ್’ ಮಾಲ್‌ವೇರ್ ಒಂದು ಲಕ್ಷಕ್ಕೂ ಹೆಚ್ಚು ಸೈಟಿಗೆ ನುಗ್ಗಿತು. ಪ್ಲಗಿನ್ ಥೀಮಿನೊಳಗಿದೆ ಎಂಬುದೇ ಎಷ್ಟೋ ಮಾಲೀಕರಿಗೆ ಗೊತ್ತಿರಲಿಲ್ಲ.

ಡೆಮೊದಲ್ಲಿ ಕಾಣುವ ಫೋಟೊಗಳು ಎಷ್ಟೋ ಸಲ ಖರೀದಿಯಲ್ಲಿ ಸೇರಿರುವುದಿಲ್ಲ. ಡೆಮೊ ಇಂಪೋರ್ಟ್ ಮಾಡಿದರೆ ಅವು ಮೀಡಿಯಾ ಲೈಬ್ರರಿಗೆ ಬಂದು ಕೂರುತ್ತವೆ. ಪುಟದಿಂದ ತೆಗೆದರೆ ಸಾಲದು, ಫೈಲ್ ಸರ್ವರಿನಲ್ಲೇ ಇರುತ್ತದೆ; ಲೈಬ್ರರಿಯಿಂದಲೇ ಅಳಿಸಿ.

ಚಿಕ್ಕ ಚಿಕ್ಕ ಸೈಟುಗಳನ್ನು ಸಾಲಾಗಿ ಮಾಡುವ ಕೆಲಸವಾದರೆ ಎಚ್‌ಟಿಎಂಎಲ್5 ಅಪ್ ಎಂಬ ಸೈಟಿನ ಟೆಂಪ್ಲೇಟು ಒಳ್ಳೆಯದು. ಉಚಿತ, ಎಷ್ಟು ಗಿರಾಕಿಗಳಿಗೆ ಬೇಕಾದರೂ ಹಾಕಬಹುದು. ಕ್ರಿಯೇಟಿವ್ ಕಾಮನ್ಸ್ ಆ್ಯಟ್ರಿಬ್ಯೂಷನ್ 3.0 ಲೈಸೆನ್ಸ್ ಇರುವುದರಿಂದ ಅವರ ಹೆಸರಿನ ಸಾಲು ಉಳಿಯಬೇಕು. ಗಿರಾಕಿ ‘ಫುಟರಿನಲ್ಲಿ ಇದೇನು, ತೆಗೀರಿ’ ಎನ್ನುವುದು ಖಂಡಿತ. ಕೊಟೇಶನ್ ಕೊಡುವಾಗಲೇ ಹೇಳಿಬಿಡಿ.